ಮೊದಲು ನನಗೆ ಹೇಳಬಹುದಿತ್ತಲ್ಲ!

ಇದು ನಟನೆಯಲ್ಲ... ಅಯ್ಯೋ, ಇವನು ನಿಜವಾಗಿಯೂ ಅಳುತ್ತಿದ್ದಾನೆ!

ಲಾರಿಸ್ಸಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು.

ವಿನಿಪೆಗ್‌ನ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ಸ್ನಾತಕೋತ್ತರ ತರಗತಿ ಶುರುವಾಗಿ ಮೂರೇ ವಾರವಾಗಿತ್ತು. ಅಂದು ಆಪ್ತಸಮಾಲೋಚನೆಯ ಮೊದಲ ಅಭ್ಯಾಸ. ಅವಳು ಸಮಾಲೋಚಕಿ, ಎದುರಿಗೆ ಕುಳಿತ ಟೋಬಿಯಾಸ್ ಕಷ್ಟ ಹೇಳಿಕೊಳ್ಳಲು ಬಂದವನು. ಕಷ್ಟ ಕಟ್ಟುಕತೆಯಾಗಿರಬೇಕು ಎಂಬುದು ನಿಯಮ. ಕ್ಯಾಮೆರಾದಲ್ಲಿ ದಾಖಲಾದದ್ದನ್ನು ಆಮೇಲೆ ಇಡೀ ತರಗತಿ ನೋಡುತ್ತದೆ.

ಅವನು ತಮಾಷೆಯಾಗಿಯೇ ಆರಂಭಿಸಿದ್ದ.

"ನನ್ ಬೆಕ್ಕು ನನ್ ಜೊತೆ ಮಾತು ಬಿಟ್ಟಿದೆ ಡಾಕ್ಟ್ರೇ!"

ಅವಳು ನಗು ತಡೆದುಕೊಂಡು ಕೇಳಿದ್ದಳು, "ಮನೇಲಿ ಬೇರೆ ಯಾರಿದ್ದಾರೆ?"

"ತಮ್ಮ... ಇದ್ದ."

ಅಷ್ಟೇ. ಅವನ ಮುಖವೇ ಬದಲಾಯಿತು.

"ಕೆರೆ ಮೇಲೆ ಐಸ್ ಗಟ್ಟಿಯಾಗಿದೆ, ಹೋಗು, ಏನಾಗಲ್ಲ ಅಂತ ನಾನೇ ಹೇಳ್ದೆ... ನಾನೇ! ಅದು ಒಡೆದು ಒಳಗೆ ಹೋಗ್ಬಿಟ್ಟ..."

ಲಾರಿಸ್ಸಾ ಎದ್ದವಳೇ ಕ್ಯಾಮೆರಾ ಆರಿಸಿ, ದಾಖಲಾದದ್ದನ್ನೂ ಅಳಿಸಿಬಿಟ್ಟಳು.

"ಏನ್ ಮಾಡ್ತಿದ್ದೀಯ? ನಿನ್ ಮಾರ್ಕ್ಸ್ ಹೋಗುತ್ತೆ!"

"ಹೋದ್ರೆ ಹೋಗ್ಲಿ. ಇದು ನಾಲ್ಕು ಜನ ಕೂತು ನೋಡೋದಲ್ಲ. ನನ್ನಲ್ಲೇ ಇರುತ್ತೆ. ನೀನು ಹೇಳು."

ಅವನು ಹೇಳಿದ. ಅವಳು ಕೇಳಿಸಿಕೊಂಡಳು. ಆ ಅಭ್ಯಾಸಕ್ಕೆ ಅವಳಿಗೆ ಸೊನ್ನೆ ಬಂತು. ಮರುದಿನ ಟೋಬಿಯಾಸ್ ಕಾಫಿ ಹಿಡಿದು ಅವಳ ಮೇಜಿನ ಬಳಿ ನಿಂತಿದ್ದ.

ಇಬ್ಬರ ಭಾನುವಾರಗಳೂ ಅವಳ ಅಜ್ಜಿಯ ಮನೆಯಲ್ಲಿ ಕಳೆಯತೊಡಗಿದವು. ಅಜ್ಜಿ ಮಾಡಿದ ಪೆರೋಗಿ ಕಡುಬುಗಳನ್ನು ಅವನು ಎಣಿಸದೆ ತಿನ್ನುತ್ತಿದ್ದ.

"ಹದಿನೆಂಟು ಹೊಡ್ದ ಕಣೇ! ಇಂಥೋನ್ನ ಬಿಟ್ಯೋ, ನಿನ್ನನ್ನೇ ಮನೆಯಿಂದ ಓಡಿಸಿ ಇವನನ್ನೇ ಇಟ್ಕೋತೀನಿ," ಎನ್ನುತ್ತಿದ್ದರು ಅಜ್ಜಿ.

ಎರಡನೆಯ ವರ್ಷ ಇಬ್ಬರೂ ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ ನಿಜವಾದ ಜನರನ್ನು ನೋಡಲಾರಂಭಿಸಿದರು. ಟೋಬಿಯಾಸ್‌ನ ಪಾಲಿಗೆ ಬಂದವನು ಅಣ್ಣನನ್ನು ಕಳೆದುಕೊಂಡ ಒಬ್ಬ ಯುವಕ.

ಒಂದು ಗಂಟೆಯ ಭೇಟಿ ಎರಡು ಗಂಟೆಯಾಯಿತು. ಕೊಡಬಾರದೆಂಬ ನಿಯಮವಿದ್ದರೂ ಟೋಬಿಯಾಸ್ ಅವನಿಗೆ ತನ್ನ ಸ್ವಂತ ಫೋನ್ ನಂಬರ್ ಕೊಟ್ಟ. ಉಳಿದವರ ಭೇಟಿಗಳನ್ನು ಮುಂದೂಡಿದ. ಊಟ ಸೇರದೆ ಸೊರಗಿದ.

"ಟೋಬಿ, ಈ ಕೇಸು ನಿನ್ನ ತಿಂತಾ ಇದೆ..."

"ಸುಮ್ನಿರು ಲಾರಾ! ನಂಗೇನೂ ಆಗಿಲ್ಲ."

ಒಮ್ಮೆ ಸಿಡುಕಿದ್ದಕ್ಕೇ ಅವಳ ಧೈರ್ಯ ಉಡುಗಿಹೋಯಿತು. ಮತ್ತೆ ಹೇಳಿದರೆ? ನನ್ನಿಂದ ದೂರವಾಗಿಬಿಟ್ಟರೆ?

ಕೊನೆಗೆ ಅವಳು ಮಾರ್ಗದರ್ಶಕಿ ಪ್ರೊಫೆಸರ್ ಒಡೆಟ್ ಅವರ ಕೋಣೆಗೆ ಹೋದಳು. ಎರಡು ಗಂಟೆಯ ಭೇಟಿ, ಫೋನ್ ನಂಬರ್, ಎಲ್ಲ ಹೇಳಿದಳು. ಅವನ ತಮ್ಮನ ವಿಷಯ ಮಾತ್ರ ಬಾಯಿಬಿಡಲಿಲ್ಲ.

ಆ ಮಧ್ಯಾಹ್ನವೇ ಆ ಯುವಕನನ್ನು ಬೇರೆಯವರಿಗೆ ವಹಿಸಿದರು. ಟೋಬಿಯಾಸ್ ಒಂದು ವರ್ಷ ಚಿಕಿತ್ಸೆಗೆ ಬರುವ ಯಾರನ್ನೂ ನೋಡುವಂತಿಲ್ಲ ಎಂದಾಯಿತು.

ಹೇಳಿದ್ದು ಯಾರೆಂದು ತಿಳಿದು, ಮೆಟ್ಟಿಲ ಬಳಿ ಅವನು ಅವಳನ್ನು ತಡೆದ.

"ಮೊದಲು ನನಗೆ ಹೇಳಬಹುದಿತ್ತಲ್ಲ, ಲಾರಾ!"

ಅವನು ಇನ್ನೊಂದು ಹೆಜ್ಜೆ ಮುಂದೆ ಬಂದ.

"ನನ್ನ ತಮ್ಮನ ವಿಷಯಾನೂ ಅಲ್ಲಿ ಒಪ್ಪಿಸಿ ಬಂದ್ಯಾ?"

"ಇಲ್ಲ ಟೋಬಿ, ಅದನ್ನ ನಾನು..."

"ಸಾಕು! ನಿನ್ ಬಾಯಿಂದ ಇನ್ನೇನೂ ಕೇಳ್ಬೇಕಾಗಿಲ್ಲ."

ಅವನು ಓದು ಬಿಟ್ಟು ಉತ್ತರದ ಥಾಂಪ್ಸನ್ ಊರಿಗೆ ಹೊರಟುಹೋದ. ಅವಳು ಬರೆದ ಯಾವ ಪತ್ರಕ್ಕೂ ಉತ್ತರ ಬರಲಿಲ್ಲ.

ನಾಲ್ಕು ವರ್ಷ...!

ಲಾರಿಸ್ಸಾ ಪದವಿ ಮುಗಿಸಿದಳು, ಆಸ್ಪತ್ರೆಯೊಂದರಲ್ಲಿ ಮನೋಚಿಕಿತ್ಸಕಿಯಾದಳು. ಅವಳೆದುರು ಕುಳಿತ ಎಷ್ಟೋ ಜನ ಯಾರಿಗೂ ಹೇಳಲಾಗದ್ದನ್ನು ಹೇಳಿ ಹಗುರಾಗಿ ಹೋದರು. ಅವಳು ಮಾತ್ರ, ಪ್ರೀತಿಸಿದವನೆದುರು ಒಂದು ಮಾತು ಆಡಲಾಗದ ಆ ದಿನವನ್ನೇ ನೆನೆದು ಬೇಯುತ್ತಿದ್ದಳು.

"ಆ ಹದಿನೆಂಟು ಪೆರೋಗಿ ಹುಡುಗ ಎಲ್ಲೇ?" ಎಂದು ಅಜ್ಜಿ ಹಾಸಿಗೆ ಹಿಡಿದ ಮೇಲೂ ಕೇಳುತ್ತಿದ್ದರು.

"ಪರೀಕ್ಷೆ ಇದೆ ಅಜ್ಜಿ. ಮುಂದಿನ ವಾರ ಬರ್ತಾನೆ."

ಆ ಮುಂದಿನ ವಾರ ಬರಲೇ ಇಲ್ಲ. ಹಿಮ ಕರಗುವ ಮೊದಲೇ ಅಜ್ಜಿ ಹೋಗಿಬಿಟ್ಟರು.

ಜೂನ್‌ನ ಒಂದು ಮಧ್ಯಾಹ್ನ ಆಸ್ಪತ್ರೆಯ ಹೊರಾಂಗಣದ ಬೆಂಚಿನಿಂದ ಒಬ್ಬ ಎದ್ದು ನಿಂತ. ಗಡ್ಡ ಬಂದಿತ್ತು, ಭುಜ ಬಾಗಿತ್ತು.

"ಟೋಬಿ...?"

"ಮತ್ತೆ ಕೋರ್ಸಿಗೆ ಅರ್ಜಿ ಹಾಕ್ದೆ, ಲಾರಾ. ಅದ್ರಲ್ಲಿ ತಮ್ಮನ ವಿಷಯ ಎಲ್ಲ ಬರ್ದಿದ್ದೆ. ಒಡೆಟ್ ಮೇಡಂ ಓದಿ, 'ಇದನ್ನ ನಂಗೆ ಯಾರೂ ಹೇಳೇ ಇರ್ಲಿಲ್ಲ' ಅಂದ್ರು. ಅಲ್ಲಿಂದ ಸೀದಾ ಇಲ್ಲಿಗೆ ಬಂದೆ." ಅವನ ದನಿ ಒಡೆಯಿತು. "ನೀನು ಅವತ್ತು ಹೇಳೋಕೆ ಬಂದಿದ್ದೆ. ನಾನೇ ಸಾಕು ಅಂದುಬಿಟ್ಟೆ..."

"ತಪ್ಪು ನಂದೂ ಇದೆ. ಆ ಕೇಸನ್ನ ನಿನ್ನಿಂದ ತೆಗೆದಿದ್ದು ಸರಿಯೇ. ಆದ್ರೆ ನಾನು ನಿನ್ನ ಹತ್ರ ಬರದೆ ಅಲ್ಲಿಗೆ ಹೋಗಿದ್ದು ನಿಯಮಕ್ಕಲ್ಲ ಟೋಬಿ, ಹೆದರಿಕೆಗೆ. ನೀನು ಬಿಟ್ಟು ಹೋಗ್ತೀಯ ಅಂತ ಹೆದರಿ... ಕೊನೆಗೆ ಅದೇ ಆಯ್ತು."

ಅವನು ಕಣ್ಣೊರೆಸಿಕೊಂಡ. "ಅಜ್ಜಿ ಹತ್ರಾನೂ ಕ್ಷಮೆ ಕೇಳ್ಬೇಕು. ಹೇಗಿದ್ದಾರೆ?"

ಅವಳು ತಲೆ ತಗ್ಗಿಸಿದಳು.

"ಯಾವಾಗ...?"

"ಮಾರ್ಚ್‌ನಲ್ಲಿ. ನಿನ್ನ ಕೇಳ್ತಾನೇ ಇದ್ರು. ನಾನು ಸುಳ್ಳು ಹೇಳ್ತಾನೇ ಇದ್ದೆ."

ಟೋಬಿಯಾಸ್ ಬೆಂಚಿನ ಮೇಲೆ ಕುಸಿದು ಕುಳಿತ. ತುಂಬ ಹೊತ್ತು ಇಬ್ಬರೂ ಅತ್ತರು. ಹೋದ ವರ್ಷಗಳನ್ನು ಯಾವ ಕ್ಷಮೆಯೂ ತಂದುಕೊಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ನನ್ ಮೇಲೆ ಸಿಟ್ಟಿದ್ಯಾ?" ಅವನು ಮೆಲ್ಲನೆ ಕೇಳಿದ.

"ಇದೆ. ಬೇಕಾದಷ್ಟಿದೆ."

"ಹಾಗಾದ್ರೆ ಹೋಗ್ಲಾ?"

ಅವಳು ಅವನ ತೋಳು ಹಿಡಿದುಕೊಂಡಳು. "ಹೋದ್ರೆ ನೋಡು! ಕೂತ್ಕೋ. ನಾನು ಬೈತೀನಿ, ನೀನು ಕೇಳು. ಆಮೇಲೆ ನೀನು ಬೈ."

"ಆಮೇಲೆ?"

"ಆಮೇಲೆ... ನನ್ನನ್ನ ಮನೆಗೆ ಕರ್ಕೊಂಡು ಹೋಗು ಟೋಬಿ. ಒಬ್ಳೇ ಇದ್ದು ಸಾಕಾಗಿದೆ."