ಹಿಂದಿನ ಸಾಲಿನ ಉಸಿರು

"ಮೂರನೇ ಸಾಲು ಮುಗಿದ ಕೂಡ್ಲೇ ಆಲ್ಟೋದವರು ಬರ್ಬೇಕು. ತಡ ಆಗ್ಬಾರ್ದು!"

ಸಿಸ್ಟರ್ ಬೆನಿಟಾ ಕೈ ಎತ್ತಿದರು. ಪ್ರಾರ್ಥನಾ ಮಂದಿರದಲ್ಲಿ ನಲವತ್ತು ಮಂದಿಯ ಪಿಸುಮಾತು ಒಮ್ಮೆಲೇ ನಿಂತಿತು.

ಸಾಕ್ಷಿ ಹಾಡಿನ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಪುತ್ತೂರಿನ ದರ್ಬೆಯಲ್ಲಿರುವ ಚರ್ಚಿನವರ ಈ ವಿಶ್ವವಿದ್ಯಾಲಯಕ್ಕೆ ಎಂ.ಎಸ್ಸಿ.ಗೆ ಸೇರಿ ಆಗಿದ್ದು ಹದಿನೈದೇ ದಿನ. ನರಿಮೊಗರಿನ ಮನೆಯಲ್ಲಿ ಎಂಟು ವರ್ಷ ಸಂಗೀತ ಕಲಿತವಳು ಎಂದು ತಿಳಿದು ಸಿಸ್ಟರ್ ಅವಳನ್ನು ಹಾಡುಗಾರರ ತಂಡವಾದ ಕೊಯರ್‌ಗೆ ಎಳೆದು ತಂದಿದ್ದರು. ಕೆಳದನಿಯ ಹುಡುಗಿಯರ ಗುಂಪಾದ ಆಲ್ಟೋದಲ್ಲಿ ನಿಲ್ಲಿಸಿದ್ದರು.

ಆದರೆ ಇಲ್ಲಿ ಒಬ್ಬರು ಒಂದು ಹಾಡಿದರೆ ಇನ್ನೊಬ್ಬರು ಇನ್ನೊಂದು ಹಾಡುತ್ತಾರೆ! ಅದೂ ಲ್ಯಾಟಿನ್! ತನ್ನ ಸರದಿ ಯಾವಾಗ... ಈಗಲಾ? ಇನ್ನೂ ಇಲ್ಲವಾ?

ಆಗ ಬೆನ್ನ ಹಿಂದೆ ಯಾರೋ ಉಸಿರು ಎಳೆದುಕೊಂಡರು. ನಿಧಾನ, ಆಳ, ಖಚಿತ.

ಯೋಚಿಸದೆ ಸಾಕ್ಷಿಯೂ ಉಸಿರೆಳೆದಳು. ಬಾಯಿ ತೆರೆದಳು. ಸರಿಯಾದ ಕ್ಷಣ! ಸಿಸ್ಟರ್ ಅವಳ ಕಡೆ ನೋಡಿ ತಲೆಯಾಡಿಸಿದರು.

ಹಾಡು ಮುಗಿಯುವ ಮೊದಲೇ ತಡೆಯಲಾರದೆ ಹಿಂದೆ ತಿರುಗಿದಳು. ಆಲ್ಟೋದ ಜೊತೆಗೇ ಶುರು ಮಾಡುವ ಗಂಡಸರ ಸಾಲಿನಲ್ಲಿ ಎತ್ತರದ ಹುಡುಗನೊಬ್ಬ. ಬಾಯಿ ಎಲ್ಲರಂತೆ ತೆರೆದು ಮುಚ್ಚುತ್ತಿತ್ತು. ಕಣ್ಣು ಸಿಸ್ಟರ್ ಕೈಯ ಮೇಲೆ.

ಆದರೆ ಅವನಿಂದ ಸದ್ದೇ ಬರುತ್ತಿರಲಿಲ್ಲ!

ಇಬ್ಬರ ಕಣ್ಣೂ ಕೂಡಿದವು. ಅವನ ಮುಖ ಬಿಳಿಚಿಕೊಂಡಿತು.

*

"ಅವರು ಉಲ್ಲಾಸ್ ಅಂತ. ಎಂ.ಕಾಂ. ಎರಡನೇ ವರ್ಷ. ಬಿ.ಕಾಂ. ಕೂಡ ಇಲ್ಲೇ ಮಾಡಿದ್ದು. ಅರಂತೋಡಿನವರು," ಎಂದಳು ಪಕ್ಕದಲ್ಲಿ ನಿಲ್ಲುವ ಗೆಳತಿ ಚಿನ್ಮಯೀ. "ಎಂತಕ್ಕೆ ಕೇಳ್ತಿ?"

"ಸುಮ್ಮನೆ."

ಸುಮ್ಮನೆ ಅಲ್ಲವೇ ಅಲ್ಲ. ಮುಂದಿನ ಅಭ್ಯಾಸದಲ್ಲಿ ಅರ್ಧ ಹೆಜ್ಜೆ ಹಿಂದೆ ಸರಿದು ನಿಂತಳು. ಅದರ ಮುಂದಿನ ವಾರ ಬೇಕೆಂದೇ ಹಾಡಿನ ಹಾಳೆ ಬೀಳಿಸಿ, ಬಗ್ಗಿ, ಕಿವಿ ಕೊಟ್ಟಳು. ಉಸಿರು ಮಾತ್ರ! ಪ್ರತಿ ಸರದಿಗೂ ಕೂದಲೆಳೆಯಷ್ಟೂ ತಪ್ಪದ ಉಸಿರು.

ಹಾಡದವನು ವಾರಕ್ಕೆ ಮೂರು ದಿನ ಇಲ್ಲಿಗೆ ಯಾಕೆ ಬರುತ್ತಾನೆ? ಯಾವುದಾದರೂ ಹುಡುಗಿಗಾಗಿಯಾ? ಆ ಯೋಚನೆ ಬಂದಾಗ ಮನಸ್ಸಿಗೆ ಯಾಕೋ ಹಿತವಾಗಲಿಲ್ಲ...

ಒಂದು ಸಂಜೆ ಮಂದಿರದ ಮೆಟ್ಟಿಲಲ್ಲಿ ಅವನನ್ನು ನಿಲ್ಲಿಸಿಯೇ ಬಿಟ್ಟಳು.

"ನೀವು ಹಾಡುದಿಲ್ಲ ಅಲ್ವಾ?"

ಉಲ್ಲಾಸ್ ಅತ್ತಿತ್ತ ನೋಡಿದ. "ದಯವಿಟ್ಟು ಯಾರಿಗೂ ಹೇಳ್ಬೇಡಿ."

"ಹೇಳುದಿಲ್ಲ. ಆದ್ರೆ ಯಾಕೆ?"

"ಹೇಳುವಂಥದ್ದು ಎಂತದ್ದೂ ಇಲ್ಲ."

"ಸರಿ. ನನಗೆ ಹೇಳುವಂಥದ್ದು ಉಂಟು. ನಿಮ್ಮ ಉಸಿರು ಕೇಳಿಯೇ ನಾನು ಹಾಡು ಹಿಡಿಯುದು. ನೀವು ಒಂದು ದಿನ ರಜೆ ಮಾಡಿದ್ರೆ ನನ್ನ ಮರ್ಯಾದೆ ಹೋಯ್ತು!"

ಉಲ್ಲಾಸ್ ನಕ್ಕುಬಿಟ್ಟ. ಅವನು ನಕ್ಕದ್ದನ್ನು ಸಾಕ್ಷಿ ನೋಡಿದ್ದು ಅದೇ ಮೊದಲು. ಆ ನಗುವಿಗೆ ಸದ್ದಿತ್ತು. ದಪ್ಪ, ಬೆಚ್ಚಗಿನ ಸದ್ದು.

'ಇಂಥ ದನಿ ಇಟ್ಟುಕೊಂಡು ಇವರು ಸುಮ್ಮನಿರುವುದಾ!'

ಅಂದಿನಿಂದ ಅವನು ಅವಳಿಗೆ ತಾಳದ ಲೆಕ್ಕ ಹಿಡಿಯಲು ಕಲಿಸಿದ. ಬೆಂಚಿನ ಹಲಗೆಯ ಮೇಲೆ ಬೆರಳು ತಟ್ಟಿ ತೋರಿಸುತ್ತಿದ್ದ. ಊರಿನ ಭಜನಾ ಮಂಡಳಿಯಲ್ಲಿ ಹತ್ತು ವರ್ಷ ತಾಳ ಹಾಕಿದ ಕೈ ಅದು. ಅವಳು ಅವನಿಗೆ ರಾಗಗಳ ಬಗ್ಗೆ ಹೇಳುತ್ತಿದ್ದಳು. ಸುಳ್ಯದ ಬಸ್ಸು ಒಂದು ಹೋಗಿ ಇನ್ನೊಂದು ಬರುವವರೆಗೂ ಮಾತು ಮುಗಿಯುತ್ತಿರಲಿಲ್ಲ. ಆದರೆ ಆ ಒಂದು 'ಯಾಕೆ'ಗೆ ಮಾತ್ರ ಅವನು ಉತ್ತರಿಸಲಿಲ್ಲ.

*

ಸಂಸ್ಥಾಪನಾ ದಿನಕ್ಕೆ ಹನ್ನೆರಡು ದಿನ ಇತ್ತು. ಬಿಷಪರು ಬರುವವರಿದ್ದರು.

ಮನೆಯಲ್ಲಿ ಅಭ್ಯಾಸಕ್ಕೆಂದು ಸಾಕ್ಷಿ ಮಂದಿರದಲ್ಲೇ ಇಡೀ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು. "ನನಗೂ ಕಳ್ಸು ಮಾರಾಯ್ತಿ," ಎಂದಳು ಚಿನ್ಮಯೀ. ಕಳಿಸಿದಳು. ಎಲ್ಲರಿಗೂ ಉಪಯೋಗವಾಗಲಿ ಎಂದು ಚಿನ್ಮಯೀ ಅದನ್ನು ಕೊಯರ್‌ನ ವಾಟ್ಸಾಪ್ ಗುಂಪಿಗೆ ಹಾಕಿದಳು.

ಹತ್ತು ನಿಮಿಷ ಆಗಿರಲಿಲ್ಲ. ಯಾರೋ ಬರೆದರು: "ಹಿಂದೆ ಯಾರು ಬರೀ ಉಸಿರಾಡುದು? ಉಲ್ಲಾಸ್ ಅಣ್ಣನ ಜಾಗ ಅಲ್ವಾ ಅದು?"

ನಗುವ ಮುಖಗಳು ಸಾಲುಸಾಲಾಗಿ ಬಂದವು. "ಬಾಯಿ ಮಾತ್ರ ಆಡಿಸುದಾ?" "ಎರಡು ವರ್ಷದಿಂದ ಮೀನಿನ ಹಾಗೆ!"

ಸಾಕ್ಷಿ ಏನಾದರೂ ಬರೆಯುವ ಮೊದಲೇ ಉಲ್ಲಾಸ್ ಗುಂಪಿನಿಂದ ಹೊರಗೆ ಹೋಗಿದ್ದ.

ಕರೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಕೊನೆಗೆ ಒಂದೇ ಒಂದು ಸಂದೇಶ ಬಂತು.

"ಹೇಳುದಿಲ್ಲ ಅಂದಿದ್ರಿ. ಹೇಳ್ಲಿಲ್ಲ, ಸರಿ. ರೆಕಾರ್ಡ್ ಮಾಡಿ ಕೇಳಿಸಿದ್ರಿ."

ಅಯ್ಯೋ ದೇವರೇ!

ಮರುದಿನದ ಅಭ್ಯಾಸಕ್ಕೆ ಅವನು ಬರಲಿಲ್ಲ. ಆಲ್ಟೋದ ಸರದಿ ಬಂತು, ಹೋಯಿತು. ಸಾಕ್ಷಿಯ ಬಾಯಿ ತೆರೆಯಲೇ ಇಲ್ಲ. ಲೆಕ್ಕ ಗೊತ್ತಿತ್ತು. ಕಿವಿ ಮಾತ್ರ ಹಿಂದಿನ ಸಾಲಿನ ಉಸಿರಿಗೇ ಕಾಯುತ್ತಿತ್ತು.

ಎಲ್ಲರೂ ಹೋದ ಮೇಲೆ ಸಿಸ್ಟರ್ ಬೆನಿಟಾ ಹತ್ತಿರ ಬಂದು ಕೂತರು. "ಎಂತಾಯ್ತು ಮಗಾ?"

ಸಾಕ್ಷಿ ಅಳುತ್ತಾ ಎಲ್ಲವನ್ನೂ ಹೇಳಿದಳು. ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಅವ ಹಾಡುದಿಲ್ಲ ಅಂತ ನನಗೆ ಮೊದಲ ತಿಂಗಳಲ್ಲೇ ಗೊತ್ತಿತ್ತು."

"ಮತ್ತೆ ಯಾಕೆ ಬಿಟ್ರಿ ಸಿಸ್ಟರ್?"

"ಒತ್ತಾಯ ಮಾಡಿದ್ರೆ ಓಡಿ ಹೋಗ್ತಿದ್ದ. ನಿಂತಿದ್ರೆ ಒಂದು ದಿನ ಹಾಡಿಯಾನು ಅಂತ ಕಾದೆ. ಕಾದದ್ದು ಹೆಚ್ಚಾಯ್ತೋ ಏನೋ... ನೀನು ಕಾಯ್ಬೇಡ. ಹೋಗಿ ಕೇಳು."

*

ಶನಿವಾರ ಬೆಳಿಗ್ಗೆ ಸಾಕ್ಷಿ ಸುಳ್ಯಕ್ಕೆ ಹೋಗಿ, ಅಲ್ಲಿಂದ ಮಡಿಕೇರಿ ಬಸ್ಸು ಹಿಡಿದು ಅರಂತೋಡಿನಲ್ಲಿ ಇಳಿದಳು. ರಸ್ತೆ ಬದಿಯಲ್ಲೇ ಉಲ್ಲಾಸನ ಮನೆಯವರ ಅಂಗಡಿ. ಗೊಬ್ಬರದ ಚೀಲ, ಪೈಪು, ತೋಟಕ್ಕೆ ಬೇಕಾದ ಸಾಮಾನು. ಗಲ್ಲಾದ ಹಿಂದೆ ಅವನ ತಾಯಿ ದುಗ್ಗಮ್ಮ.

"ಎಂತ ಬೇಕಿತ್ತು ಮಗಳೇ?"

"ಉಲ್ಲಾಸ್ ಇದ್ದಾರಾ? ನಾನು... ಅವರ ಜೊತೆ ಹಾಡುವವಳು."

ದುಗ್ಗಮ್ಮನ ಹುಬ್ಬು ಮೇಲೇರಿತು. "ನಮ್ಮ ಉಲ್ಲಾಸ ಹಾಡ್ತಾನಾ?!"

ಒಳಗಿನಿಂದ ಪೈಪು ಸುತ್ತುತ್ತಾ ಬಂದ ಉಲ್ಲಾಸ್ ಅವಳನ್ನು ಕಂಡು ಅಲ್ಲೇ ನಿಂತ. ಮೂರೇ ದಿನಕ್ಕೆ ಅವನ ಮುಖ ಬಾಡಿತ್ತು.

"ಇಷ್ಟು ದೂರ ಯಾಕೆ ಬಂದ್ರಿ?"

"ನೀವು ಆ ರೆಕಾರ್ಡನ್ನು ಪೂರ್ತಿ ಕೇಳಿದ್ರಾ?"

"ಕೇಳುವುದಕ್ಕೆ ಎಂತ ಉಂಟು ಅದ್ರಲ್ಲಿ?"

"ಅಂದ್ರೆ ಕೇಳ್ಲಿಲ್ಲ. ಕೇಳಿ." ಇಯರ್‌ಫೋನ್ ಅವನ ಕೈಗಿತ್ತಳು. "ಆಮೇಲೆ ಹೋಗು ಅಂದ್ರೆ ಮುಂದಿನ ಬಸ್ಸಿಗೇ ಹೋಗ್ತೇನೆ."

ಅವನು ಕೇಳಿದ. ಒಂದು ಉಸಿರು, ಅದರ ಬೆನ್ನಿಗೇ ಸಾಕ್ಷಿಯ ದನಿ. ಮತ್ತೊಂದು ಉಸಿರು, ಮತ್ತೆ ಅವಳ ದನಿ. ಹಾಡಿನುದ್ದಕ್ಕೂ ಅವಳು ಅವನ ಹಿಂದೆಯೇ ಬರುತ್ತಿದ್ದಳು.

"ನನಗೆ ಮನೆಯಲ್ಲಿ ಅಭ್ಯಾಸ ಮಾಡ್ಲಿಕ್ಕೆ ನೀವು ಬೇಕಿತ್ತು," ಎಂದಳು ಸಾಕ್ಷಿ. "ಅದಕ್ಕೆ ಮಾಡಿಕೊಂಡದ್ದು. ಗುಂಪಿಗೆ ಹಾಕಿದ್ದು ನಾನಲ್ಲ. ಆದ್ರೂ ತಪ್ಪಾಯ್ತು ಉಲ್ಲಾಸ್... ನಿಮ್ಮನ್ನು ಕೇಳದೆ ಮಾಡ್ಬಾರ್ದಿತ್ತು."

ಉಲ್ಲಾಸ್ ಗೊಬ್ಬರದ ಚೀಲದ ಮೇಲೆ ಕೂತುಬಿಟ್ಟ. ತಾನಾಗಿಯೇ ಹೇಳತೊಡಗಿದ.

"ಆಗ ನನಗೆ ಹನ್ನೆರಡು ವರ್ಷ. ಭಜನಾ ಮಂದಿರದಲ್ಲಿ ಹಾಡ್ಲಿಕ್ಕೆ ಎದ್ದು ನಿಂತೆ. ದನಿ ಒಡೆಯುತ್ತಿದ್ದ ಸಮಯ. ಅಪ್ಪ ಎಲ್ಲರ ಎದುರು ಹೇಳಿದ್ರು, 'ನಿನಗೆ ಹಾಡು ಆಗುದಿಲ್ಲ, ತಾಳ ಹಾಕು, ಬಾಯಿ ಮುಚ್ಚು' ಅಂತ. ಎಲ್ಲ ನಕ್ಕರು. ಮತ್ತೆ ನಾನು ಬಚ್ಚಲಲ್ಲಿಯೂ ಹಾಡ್ಲಿಲ್ಲ."

"ಕೊಯರ್‌ಗೆ ಯಾಕೆ ಬಂದದ್ದು?"

"ನಲವತ್ತು ಜನರ ಮಧ್ಯೆ ನನ್ನ ದನಿ ಯಾರಿಗೂ ಗೊತ್ತಾಗುದಿಲ್ಲ ಅಂದ್ಕೊಂಡೆ. ಇವತ್ತು ಹಾಡುವ, ನಾಳೆ ಹಾಡುವ ಅಂತ ಎರಡು ವರ್ಷ ಆಯ್ತು. ಉಸಿರು ತೆಗೀತೇನೆ. ಅಲ್ಲಿಗೇ ನಿಲ್ತದೆ."

ಸಾಕ್ಷಿಯ ಕಣ್ಣು ತುಂಬಿತು. ಇಷ್ಟು ದಿನ ಕುತೂಹಲದಿಂದ ಬೆನ್ನು ಹತ್ತಿದ ಉತ್ತರ ಇಷ್ಟು ನೋವಿನದ್ದು ಎಂದು ಅವಳು ಎಣಿಸಿರಲಿಲ್ಲ.

"ನಾನು ಹಾಗೆ ಹೇಳಿದ್ನಾ?"

ಇಬ್ಬರೂ ತಿರುಗಿದರು. ಬಾಗಿಲಲ್ಲಿ ಉಲ್ಲಾಸನ ಅಪ್ಪ ಅಚ್ಚುತ ಗೌಡರು. ತೋಟದಿಂದ ಬಂದವರು, ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ನೆನಪೇ ಇಲ್ಲ ನನಗೆ," ಎಂದರು. ದೊಡ್ಡ ಗಂಟಲಿನ ಮನುಷ್ಯ, ಈಗ ದನಿ ಸಣ್ಣದಾಗಿತ್ತು. "ನಿನಗೆ ಹಾಡು ಬೇಡ, ತಾಳವೇ ಇಷ್ಟ ಅಂತ ಎಣಿಸಿದ್ದೆ ನಾನು. ಇಷ್ಟು ವರ್ಷ..."

ಗೌಡರು ಹೆಗಲ ಮೇಲಿನ ಬೈರಾಸು ಬಟ್ಟೆಯಲ್ಲಿ ಮುಖ ಒರೆಸಿಕೊಂಡು, ಮಗನ ಎದುರಿನ ಸ್ಟೂಲಿನಲ್ಲಿ ಕೂತರು.

"ಹಾಡು ಮಗ. ನಾನು ಕೇಳ್ತೇನೆ."

"ಈಗಲಾ? ಅಂಗಡಿಯಲ್ಲಿಯಾ?"

"ಗಿರಾಕಿ ಬಂದ್ರೆ ನಿಲ್ಲಲಿ," ಎಂದರು ದುಗ್ಗಮ್ಮ.

ಸಾಕ್ಷಿ ಮೆಲ್ಲಗೆ ಶ್ರುತಿ ಹಿಡಿದಳು. ಉಲ್ಲಾಸ್ ಉಸಿರೆಳೆದ. ಮತ್ತೆ ಬಿಟ್ಟ. ಇನ್ನೊಮ್ಮೆ ಎಳೆದ. ದನಿ ಬಂತು... ನಡುಗಿತು, ಜಾರಿತು, ಎಲ್ಲೋ ಹೋಯಿತು.

"ಸ್ವಲ್ಪ ಕೆಳಗೆ ಹೋಯ್ತು," ಎಂದಳು ಸಾಕ್ಷಿ. ಸುಳ್ಳು ಹೇಳಲು ಅವಳಿಗೆ ಮನಸ್ಸಿರಲಿಲ್ಲ. "ನನ್ನನ್ನು ಕೇಳಿ. ಇನ್ನೊಮ್ಮೆ."

ನಾಲ್ಕನೇ ಸಲ ಅವನ ದನಿ ಅವಳ ದನಿಯ ಅಡಿಗೆ ಬಂದು ನಿಂತಿತು.

*

ಸಂಸ್ಥಾಪನಾ ದಿನದಂದು ಉಲ್ಲಾಸ್ ತನ್ನ ಜಾಗದಲ್ಲೇ ನಿಂತು ಹಾಡಿದ. ಒಂದು ಕಡೆ ತಪ್ಪಿದ, ಮತ್ತೆ ಸರಿ ಮಾಡಿಕೊಂಡ. ಮೀನು ಎಂದವರೇ ಹೆಗಲು ತಟ್ಟಿದರು. ಅಚ್ಚುತ ಗೌಡರು ಕೊನೆಯ ಬೆಂಚಿನಲ್ಲಿ ಕೂತು, ಒಂದಕ್ಷರ ಅರ್ಥವಾಗದ ಹಾಡನ್ನು ಕಣ್ಣು ಮಿಟುಕಿಸದೆ ಕೇಳಿದರು.

ಮಧ್ಯಾಹ್ನ ಊಟದ ಗಲಾಟೆಯಿಂದ ದೂರ, ಮೈದಾನದ ಅಂಚಿನ ಕಟ್ಟೆಯಲ್ಲಿ ಇಬ್ಬರೂ ತಟ್ಟೆ ಹಿಡಿದು ಕೂತಿದ್ದರು. ಉಲ್ಲಾಸ್ ಊಟ ಮುಟ್ಟಿರಲಿಲ್ಲ.

"ಸಾಕ್ಷಿ, ಒಂದು ಮಾತು ಹೇಳ್ಬೇಕಿತ್ತು. ನಾಳೆ ಹೇಳುವ ಅಂತಿದ್ರೆ ಎರಡು ವರ್ಷ ಆಗ್ತದೆ, ಅದಕ್ಕೆ ಈಗಲೇ ಹೇಳ್ತೇನೆ." ಅವನ ಕಿವಿ ಕೆಂಪಾಗಿತ್ತು. "ನನಗೆ ನಿಮ್ಮ ಮೇಲೆ ತುಂಬಾ ಪ್ರೀತಿ ಉಂಟು."

ಸಾಕ್ಷಿ ತಲೆ ತಗ್ಗಿಸಿದಳು. ಎದೆಯಲ್ಲಿ ಸಂತೋಷ, ಹೆದರಿಕೆ ಎರಡೂ ಒಟ್ಟಿಗೆ.

"ನಮ್ಮದು ಭಟ್ಟರ ಮನೆ. ನಿಮ್ಮದು ಗೌಡರ ಮನೆ. ಸುಲಭ ಇಲ್ಲ, ಗೊತ್ತುಂಟಲ್ಲ?"

"ಗೊತ್ತುಂಟು. ನಾನೇ ಬಂದು ನಿಮ್ಮ ಅಪ್ಪನ ಹತ್ರ ಮಾತಾಡ್ತೇನೆ."

"ನೀವಾ? ಮಾತು ಹೊರಡ್ತದಾ?"

"ಇಲ್ಲದಿದ್ರೆ ಹೊರಡುವವರೆಗೆ ನಿಮ್ಮ ಅಂಗಳದಲ್ಲೇ ನಿಲ್ತೇನೆ."

ಅವಳು ನಕ್ಕಳು, ಅವನ ತಟ್ಟೆಯನ್ನು ಅವನ ಕಡೆಗೆ ಸರಿಸಿದಳು.

"ಮೊದಲು ಊಟ ಮಾಡು. ಮತ್ತೆ ಈ 'ನೀವು' ಸಾಕು ಮಾರಾಯ. ನೀನು ಅಂತ ಹೇಳು."

ಉಲ್ಲಾಸ್ ಅವಳನ್ನೇ ನೋಡಿದ.

"ನೀನು," ಎಂದ ಮೆಲ್ಲಗೆ.

"ಹ್ಞಾಂ. ನಾನು," ಎಂದಳು ಸಾಕ್ಷಿ.