ಬಿಸಿಯಾದರೆ ಮುಚ್ಚಿಕೊಳ್ಳುವ ಬಿರುಕು

ಕಾರ್ಖಾನೆಯ ವ್ಯಾನಿನಲ್ಲಿ ವಾಂತಿ ಮಾಡಿಕೊಂಡ ಹೆಂಗಸನ್ನು ಸೋಮವಾರ ಕೆಲಸದಿಂದ ತೆಗೆದುಹಾಕಿದರು. ಆಕೆ ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ವ್ಯಾನಿನಲ್ಲಿ ಕೂತರೆ ತಲೆ ಸುತ್ತುತ್ತದೆ ಎಂದು ಮೂರು ಸಲ ಹೇಳಿದ್ದಳು. ವ್ಯಾನಿನಲ್ಲಿ ಯಾವ ದೋಷವೂ ಇಲ್ಲವೆಂದು ಮೆಕ್ಯಾನಿಕ್ ಸಹಿ ಮಾಡಿದ್ದ ಕಾಗದವನ್ನು ಆಕೆಯ ಮುಂದೆ ಹಿಡಿದರು. ಅದೇ ಸಂಜೆ, ಡ್ಯಾಶ್‌ಬೋರ್ಡಿನಲ್ಲಿ ಮತ್ತೆ ಹೊತ್ತಿಕೊಂಡಿದ್ದ ಎಂಜಿನ್ನಿನ ಎಚ್ಚರಿಕೆ ದೀಪದ ಮೇಲೆ ಕರಿ ಟೇಪು ಅಂಟಿಸಿದರು.

ಮಂಗಳವಾರ ಮಧ್ಯಾಹ್ನ ಆ ವ್ಯಾನಿನ ಡ್ರೈವರು ಮೆಕ್ಯಾನಿಕ್ಕಿನ ಶೆಡ್ಡಿಗೆ ನುಗ್ಗಿದಳು. ಕೈಯಲ್ಲಿ ಅದೇ ಕಾಗದ. ಕೆಲಸ ಕಳೆದುಕೊಂಡವಳು ಅವಳ ಚಿಕ್ಕಮ್ಮ. ಆರು ವರ್ಷದವಳಿದ್ದಾಗಿನಿಂದ ಸಾಕಿ, ಓದಿಸಿ, ಕೊನೆಗೆ ಡ್ರೈವಿಂಗ್ ಕಲಿಯಲು ಬೆನ್ನು ತಟ್ಟಿ ಕಳಿಸಿದ ಚಿಕ್ಕಮ್ಮ.

"ಈ ಸಹಿ ಯಾರದ್ದು?"

ಲಾರಿಯ ಕೆಳಗಿನಿಂದ ಎರಡು ಬೂಟುಗಳು ಮಾತ್ರ ಕಾಣುತ್ತಿದ್ದವು.

"ನಂದೇ ಇರಬೇಕು. ಇಲ್ಲಿಂದ ಕಾಣ್ತಿಲ್ಲ."

"ಹೊರಗೆ ಬಂದ್ರೆ ಕಾಣತ್ತೆ! ಬರ್ತೀರೋ, ಜಾಕು ಇಳಿಸ್ಲೋ?"

ಬೂಟುಗಳು ಸರಸರನೆ ಹೊರಬಂದವು. ಹಿಂದೆಯೇ ಗ್ರೀಸು ಮೆತ್ತಿದ ಮುಖ, ಕುತ್ತಿಗೆಗೆ ನೇತುಹಾಕಿಕೊಂಡ ಒಂದು ಉದ್ದನೆಯ ರಬ್ಬರ್ ಕೊಳವೆ.

"ಇದೇನು, ಡಾಕ್ಟ್ರಾ ನೀವು?"

"ಎಂಜಿನ್ನಿನ ಸದ್ದು ಕೇಳೋಕೆ ಮೇಡಂ. ಒಂದು ತುದಿ ಕಿವಿಗೆ..."

"ಎಂಜಿನ್ನಿನ ಸದ್ದು ಕೇಳತ್ತೆ! ಹದಿನಾಲ್ಕು ಜನ ಹೆಂಗಸರು ತಲೆನೋವು ತಲೆನೋವು ಅಂತ ಬಡ್ಕೊಂಡಿದ್ದು ಕೇಳಲ್ಲ!"

ಅವನು ಕಾಗದ ತೆಗೆದುಕೊಂಡು ನಿಧಾನವಾಗಿ ಓದಿದ. ಆ ನಿಧಾನಕ್ಕೇ ಅವಳ ಮೈ ಉರಿಯಿತು.

"ವ್ಯಾನು ಎರಡು ಸಲ ಬಂತು. ನಿಮ್ಮ ಮ್ಯಾನೇಜರೇ ತಂದಿದ್ರು. ಹೊಗೆ ಅಳೆಯೋ ಸೆನ್ಸರ್ ಹೊಸದು ಹಾಕಿದೆ, ಎಲ್ಲಾ ನೋಡಿದೆ. ಏನೂ ಸಿಗ್ಲಿಲ್ಲ. ಸಿಗದೇ ಇರೋದನ್ನ ಸಿಕ್ತು ಅಂತ ಬರೀಲಾ?"

"ಹಾಗಾದ್ರೆ ನನ್ನ ಚಿಕ್ಕಮ್ಮ ಸುಳ್ಳು ಹೇಳ್ತಾಳಾ? ಈ ಕಾಗದ ತೋರಿಸಿಯೇ ಅವಳನ್ನ ಮನೆಗೆ ಕಳಿಸಿದ್ದು. ನಾಟಕ ಆಡ್ತಾಳಂತೆ! ಐವತ್ತೊಂದು ವರ್ಷದ ಹೆಂಗಸು, ಜನರ ಮಧ್ಯೆ ವಾಂತಿ ಮಾಡ್ಕೊಂಡು ನಾಟಕ ಆಡ್ತಾಳಾ?"

ಅವನು ಕಾಗದವನ್ನು ಮತ್ತೊಮ್ಮೆ ನೋಡಿದ. ತನ್ನ ಸಹಿಯಿಂದ ಒಬ್ಬಳ ಕೆಲಸ ಹೋಗಿದ್ದು ಅವನಿಗೆ ಗೊತ್ತಿರಲಿಲ್ಲ...

ಹೊರಗೆ ಅವಳು ನಿಲ್ಲಿಸಿದ್ದ ವ್ಯಾನು ಹತ್ತಿ ಕೀಲಿ ತಿರುಗಿಸಿದ. ಟೇಪು ಕಂಡ ಕೂಡಲೇ ಉಗುರಿನಿಂದ ಕಿತ್ತ. ಅದರ ಕೆಳಗೆ ಹಳದಿ ದೀಪ ಉರಿಯುತ್ತಲೇ ಇತ್ತು.

"ಇದನ್ನ ಅಂಟಿಸಿದ್ದು ಯಾರು?" ಮೊದಲ ಸಲ ಅವನ ದನಿ ಏರಿತು.

"ನಿಮ್ಮ ಸಹಿ ನಂಬಿದೋರು."

ಅವನು ಎಂಜಿನ್ನಿನ ದೋಷ ಓದುವ ಸ್ಕ್ಯಾನರಿನ ವೈರು ಸಿಕ್ಕಿಸಿ, ಪರದೆಯ ಮೇಲಿನ ಅಂಕಿಗಳನ್ನು ನೋಡುತ್ತ ಕೇಳಿದ, "ತಲೆನೋವು ಯಾವ ಹೊತ್ತಲ್ಲಿ ಬರತ್ತೆ?"

ಅವಳು ಕಣ್ಣು ಪಿಳುಕಿಸಿದಳು. ಈ ಪ್ರಶ್ನೆಯನ್ನು ಇಲ್ಲಿಯತನಕ ಯಾರೂ ಕೇಳಿರಲಿಲ್ಲ. ಕಾರ್ಖಾನೆಯ ಡಾಕ್ಟರು 'ಊಟ ಮಾಡಿದ್ಯಾ' ಎಂದಿದ್ದರು. ಮ್ಯಾನೇಜರು 'ರಜೆ ಬೇಕಾ' ಎಂದಿದ್ದ.

"ಬೆಳಿಗ್ಗೆ."

"ಸಂಜೆ?"

"ಸಂಜೆ ಒಂದು ದಿನಾನೂ ಇಲ್ಲ. ಹಗಲೆಲ್ಲ ಮೂಟೆ ಸಾಗಿಸಿ, ಹಾಗೇ ಹೆಂಗಸರನ್ನ ಮನೆಗೆ ಬಿಡ್ತೀನಿ."

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. "ದೀಪ ಹೊತ್ತಿಕೊಂಡಾಗ ಎಂಜಿನ್ ಹೇಗಿತ್ತು ಅಂತ ಇದರಲ್ಲಿ ಉಳ್ಕೊಂಡಿರತ್ತೆ. ನೋಡಿ, ತಣ್ಣಗಿತ್ತು. ನನ್ನ ಹತ್ರ ಈ ವ್ಯಾನು ಬಂದಾಗೆಲ್ಲ ಓಡಿ ಓಡಿ ಕಾದಿತ್ತು. ತಣ್ಣಗಿರೋ ಎಂಜಿನ್ನನ್ನ ನಾನು ನೋಡೇ ಇಲ್ಲ. ಈ ವಿವರ ಆವಾಗ್ಲೇ ತೆಗೆದು ನೋಡ್ಬೇಕಿತ್ತು."

"ನೋಡದೇನೇ ಸಹಿ ಹಾಕಿದ್ರಿ."

"ಹೌದು."

ನೆಪ ಹೇಳುತ್ತಾನೆ, ಆಗ ಜಾಡಿಸಬೇಕು ಎಂದು ಕಾದಿದ್ದವಳಿಗೆ ಆ 'ಹೌದು' ಕೇಳಿ ಬೈಗುಳ ಬಾಯಲ್ಲೇ ಉಳಿಯಿತು.

"ರಾತ್ರಿ ವ್ಯಾನು ಇಲ್ಲೇ ಬಿಟ್ಟಿರಿ. ಬೆಳಿಗ್ಗೆ ತಣ್ಣಗಿದ್ದಾಗ..."

"ನಿಮ್ಮನ್ನ ನಂಬಿ? ಬಿಟ್ಟೆ ನೋಡಿ! ರಾತ್ರಿ ಅದು ನಮ್ಮ ಮನೆ ಮುಂದೇನೇ ನಿಲ್ಲೋದು."

"ಹಾಗಾದ್ರೆ ನಾನೇ ನಿಮ್ಮ ಮನೆ ಹತ್ರ ಬರ್ತೀನಿ. ಐದೂವರೆಗೆ. ಒಂದೇ ಮಾತು, ಸ್ಟಾರ್ಟ್ ಮಾಡ್ಬೇಡಿ."

ಬುಧವಾರ ಐದೂವರೆಗೆ ಅವನು ಸ್ಕೂಟರಿನಲ್ಲಿ ಬಂದಾಗ, ವ್ಯಾನು ಗುರುಗುಟ್ಟುತ್ತ ನಿಂತಿತ್ತು.

"ಸ್ಟಾರ್ಟ್ ಮಾಡ್ಬಿಟ್ರಾ!"

ಅವಳು ನಾಲಿಗೆ ಕಚ್ಚಿಕೊಂಡಳು. ಆದರೆ ಸೋಲುವುದುಂಟೇ? "ಕೈ ತಾನಾಗೇ ತಿರುಗಿಸ್ತು! ಆರು ವರ್ಷದ ಅಭ್ಯಾಸ. ಹಳೇ ಗಾಡಿ, ಹತ್ತು ನಿಮಿಷ ಬಿಸಿ ಮಾಡದಿದ್ರೆ ಎಳೆಯೋದೇ ಇಲ್ಲ. ನೀವು ಐದಕ್ಕೆ ಬರ್ಬೇಕಿತ್ತು!"

"ಐದೂವರೆ ಅಂದಿದ್ದೆ, ಐದೂವರೆಗೆ ಬಂದಿದ್ದೀನಿ!"

"ಸಹಿ ಹಾಕೋವಾಗ ಇರ್ಬೇಕಿತ್ತು ಈ ಶಿಸ್ತು!"

"ಇಬ್ರೂ ಬಾಯಿ ಮುಚ್ಚಿ ಟೀ ಕುಡೀರಿ," ಎಂದು ಬಾಗಿಲಿನಿಂದ ಚಿಕ್ಕಮ್ಮ ಗದರಿದಳು. "ಬೀದಿಯೆಲ್ಲ ಎದ್ದು ಕೂತಿದೆ."

ಅವನು ಚಿಕ್ಕಮ್ಮನ ಮುಂದೆ ತಲೆ ತಗ್ಗಿಸಿ ನಿಂತ. "ಅಮ್ಮಾ... ಆ ಸಹಿ ಹಾಕಿದ್ದು ನಾನು."

"ಗೊತ್ತು. ಸಕ್ಕರೆ ಎಷ್ಟು ಹಾಕ್ಲಿ?"

ಲೋಟ ಹಿಡಿದುಕೊಂಡೇ ಇದ್ದ, ಕುಡಿಯಲಾಗಲಿಲ್ಲ. ಮೆಲ್ಲಗೆ ಕೇಳಿದ, "ಗಾಡಿ ಬಿಸಿಯಾಗೋ ಆ ಹತ್ತು ನಿಮಿಷ ನೀವು ಎಲ್ಲಿರ್ತಿದ್ರಿ?"

"ವ್ಯಾನೊಳಗೆ. ಹೊರಗೆ ಚಳಿ ಅಲ್ವಾ? ಇವಳೇ ಮುಂದಿನ ಸೀಟಲ್ಲಿ ಕೂರಿಸಿ, ಕಿಟಕಿ ಏರಿಸಿ, ಮಂಡಿಗೆ ಶಾಲು ಹೊದಿಸಿ ಹೋಗ್ತಿದ್ಲು. ತಿಂಡಿ ಡಬ್ಬಿ ಕಟ್ಟೋಕೆ."

ಡ್ರೈವರು ವ್ಯಾನಿನ ಮುಂದಿನ ಸೀಟಿನ ಕಡೆ ತಿರುಗಿ ನೋಡಿದಳು.

ಆ ಹಳೇ ವ್ಯಾನಿನ ಎಂಜಿನ್ ಇರುವುದು ಮುಂದಿನ ಎರಡು ಸೀಟುಗಳ ನಡುವೆ, ಒಂದು ತಗಡಿನ ಮುಚ್ಚಳದ ಕೆಳಗೆ. ಅದರ ಪಕ್ಕದಲ್ಲಿ, ಕಿಟಕಿ ಏರಿಸಿ... ದಿನಾ... ನಾನೇ! ನನ್ನ ಕೈಯಾರೆ!

ಅವಳ ಮುಖ ಬಿಳುಚಿಕೊಂಡಿದ್ದನ್ನು ಅವನು ನೋಡಿದ.

"ಗಾಡಿ ಬಿಸಿ ಮಾಡೋದು ಡ್ರೈವರ್ ಕೆಲಸ," ಎಂದ. "ದೀಪ ಯಾಕೆ ಹೊತ್ಕೊಂಡಿದೆ ಅಂತ ಹುಡುಕೋದು ನನ್ನ ಕೆಲಸ. ಕೆಲಸ ಕೆಡಿಸಿದ್ದು ನಾನು. ನೀವಲ್ಲ."

"ನಿಮ್ಮ ಸಮಾಧಾನ ನನಗೆ ಬೇಕಿಲ್ಲ!"

ಅಂದಳು. ಆದರೆ ಅಂದು ಇಡೀ ದಿನ, ಚಳಿಯಲ್ಲೂ ಎಲ್ಲ ಕಿಟಕಿ ತೆರೆದಿಟ್ಟು ವ್ಯಾನು ಓಡಿಸುತ್ತ, ಆ ಮಾತನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಕೇಳಿಸಿಕೊಂಡಳು. ಛೀ... ಬೈಯಬೇಕಾದವನ ಮುಖ ಹೀಗೆ ಯಾಕೆ ಕಣ್ಣೆದುರು ಬರುತ್ತಿದೆ?

ಆ ರಾತ್ರಿ ಅವಳು ಕೀಲಿಯನ್ನು ಚಿಕ್ಕಮ್ಮನ ಸೆರಗಿಗೆ ಕಟ್ಟಿ ಮಲಗಿದಳು. ಗುರುವಾರ ಅವನು ಐದಕ್ಕೇ ಬಂದ.

ಮುಚ್ಚಳ ತೆಗೆದ. ಹೊಗೆ ಹೊರಬೀಳುವ ಹಿಂದಿನ ಕೊಳವೆಗೆ ಬಟ್ಟೆ ಸುತ್ತಿ, ಅದರೊಳಗೆ ಪಂಪಿನಿಂದ ಗಾಳಿ ಊದಲು ಅವಳಿಗೆ ಹೇಳಿದ. ತಾನು ಸಾಬೂನು ನೀರಿನಲ್ಲಿ ಬ್ರಶ್ ಅದ್ದಿ, ಎಂಜಿನ್ನಿಗೆ ಅಂಟಿಕೊಂಡ ಬೀಡುಕಬ್ಬಿಣದ ಕೊಳವೆಗೆ ಬಳಿಯುತ್ತ ಬಂದ.

"ಇನ್ನೂ ಊದಿ... ನಿಲ್ಲಿ! ಇಲ್ಲಿ ಬನ್ನಿ. ಬೇಗ!"

ಅವಳು ಓಡಿ ಬಂದು ಬಗ್ಗಿದಳು. ಕೊಳವೆಯ ಪಕ್ಕೆಯಲ್ಲಿ, ಕೂದಲೆಳೆಯಷ್ಟು ಸಣ್ಣ ಗೆರೆಯ ಮೇಲೆ, ಗುಳ್ಳೆಗಳು ಒಂದರ ಹಿಂದೊಂದು ಉಬ್ಬಿ ಒಡೆಯುತ್ತಿದ್ದವು.

"ಬಿರುಕು," ಎಂದ ಅವನು, ಉಸಿರು ಬಿಗಿಹಿಡಿದು. "ತಣ್ಣಗಿದ್ದಾಗ ಬಾಯಿ ಬಿಡತ್ತೆ. ವಿಷದ ಹೊಗೆ ನೇರ ಸೀಟಿನ ಹತ್ರ ಬಂದು, ಆಮೇಲೆ ಹತ್ತೋರಿಗೂ ಒಳಗೇ ಉಳ್ಕೊಂಡಿರತ್ತೆ. ಹೊರಗಿನ ಗಾಳಿನೂ ಇಲ್ಲೇ ಒಳಗೆ ನುಗ್ಗಿ ಸೆನ್ಸರ್ ಲೆಕ್ಕ ತಪ್ಪತ್ತೆ, ದೀಪ ಹೊತ್ಕೊಳ್ಳತ್ತೆ. ಎಂಜಿನ್ ಕಾದಮೇಲೆ ಕಬ್ಬಿಣ ಹಿಗ್ಗಿ ಬಿರುಕು ಮುಚ್ಕೊಂಡುಬಿಡತ್ತೆ. ಆಮೇಲೆ ಯಾರು ನೋಡಿದ್ರೂ ಏನೂ ಇಲ್ಲ."

ಚಿಕ್ಕಮ್ಮನೂ ಬಂದು ಇಣುಕಿದಳು. ಬಹಳ ಹೊತ್ತು ನೋಡಿದಳು.

"ಇಷ್ಟು ಗುಳ್ಳೆಗೆ ನನ್ನ ಕೆಲಸ ಹೋಯ್ತಾ?"

ಡ್ರೈವರು ಫೋನ್ ತೆಗೆದು, ಮೊದಲ ನಿಲ್ದಾಣದಲ್ಲಿ ಕಾಯುತ್ತಿರುವ ಕಾಲರ್ ಹೊಲಿಯುವ ಅಕ್ಕನಿಗೆ ವಿಷಯವನ್ನೆಲ್ಲ ಹೇಳಿದಳು.

"ಇವತ್ತು ವ್ಯಾನು ಬರಲ್ಲ ಅಕ್ಕ."

"ಬರದಿದ್ರೆ ಬಿಡು, ಕಾಲಿಲ್ವಾ ನಮಗೆ? ನಡ್ಕೊಂಡು ಹೋಗ್ತೀವಿ. ನೀನು ಆ ಮನುಷ್ಯನ ಹತ್ರ ಬರೆಸ್ಕೊಂಡು ಬಾ. ಬಾಯಿಮಾತಲ್ಲಿ ಅಲ್ಲ, ಕಾಗದದಲ್ಲಿ!"

ಅವನು ಆಗಲೇ ಬರೆಯುತ್ತಿದ್ದ. ಬಿರುಕು ಎಲ್ಲಿದೆ, ಹೊಗೆ ಎಲ್ಲಿ ಸೇರುತ್ತದೆ, ಯಾವ ಹೊತ್ತಿನಲ್ಲಿ. ಕೊನೆಗೆ, 'ಈ ಹಿಂದೆ ನಾನು ಕೊಟ್ಟ ಕಾಗದ ತಪ್ಪು. ಗುಂಡಿ ಹೊಲಿಯುವ ವಿಭಾಗದ ಕಾರ್ಮಿಕ ಮಹಿಳೆ ಹೇಳಿದ್ದು ನಿಜ.' ಕೆಳಗೆ ಸಹಿ.

ಏಳು ಗಂಟೆಗೆ ಮ್ಯಾನೇಜರಿನ ಬೈಕು ಬೀದಿಗೆ ನುಗ್ಗಿತು.

"ಗಾಡಿ ಯಾಕೆ ಹೊರಟಿಲ್ಲ? ಅಲ್ಲಿ ಹೆಂಗಸರೆಲ್ಲ ಮೆರವಣಿಗೆ ಹೊರಟ ಹಾಗೆ ನಡ್ಕೊಂಡು ಬರ್ತಿದ್ದಾರೆ!" ಕಾಗದ ಕಿತ್ತುಕೊಂಡು ಓದಿದವನ ಮುಖ ಗಂಟಿಕ್ಕಿತು. "ಏನಯ್ಯ ಇದು? ದೀಪ ಆರಿಸು ಅಂದ್ರೆ ಪುರಾಣ ಬರ್ದಿದ್ದೀಯಲ್ಲ!"

"ದೀಪ ಆರಿಸೋಕೆ ಒಂದು ನಿಮಿಷ ಸಾಕು ಸಾರ್. ಬಿರುಕು ಹಾಗೇ ಇರತ್ತೆ."

"ಇದನ್ನ ಹರಿದು ಹಾಕು. ದೋಷ ಇಲ್ಲ ಅಂತ ಬರಿ."

"ಬರೆಯಲ್ಲ."

"ನಮ್ಮ ಹನ್ನೊಂದು ವ್ಯಾನು ಇನ್ಮೇಲೆ ನಿನ್ನ ಶೆಡ್ಡಿನ ಕಡೆ ತಲೆ ಹಾಕಲ್ಲ. ತಿಳೀತಾ?"

"ತಿಳೀತು. ಎಲ್ಲಿಗೆ ಕಳಿಸಿದ್ರೂ, ಹನ್ನೊಂದನ್ನೂ ತಣ್ಣಗಿದ್ದಾಗ ಒಂದ್ಸಲ ನೋಡಿಸಿ."

ಮ್ಯಾನೇಜರು ಕಾಗದವನ್ನು ನೆಲಕ್ಕೆಸೆದು ಅವಳ ಕಡೆ ತಿರುಗಿದ. "ಧಣಿಗಳಿಗೆ ಫೋನ್ ಮಾಡಿ ಬರ್ತೀನಿ. ಅಷ್ಟರಲ್ಲಿ ಗಾಡಿ ಹೊರಟಿರ್ಬೇಕು. ಇಲ್ಲಾಂದ್ರೆ ನಿಮ್ಮ ಚಿಕ್ಕಮ್ಮನ ಜೊತೆ ನೀನೂ ಮನೇಲಿ ಕೂರು." ಫೋನು ಕಿವಿಗೊತ್ತಿ ಬೀದಿಯ ತಿರುವಿನ ಕಡೆ ನಡೆದ.

ಚಿಕ್ಕಮ್ಮ ಬಗ್ಗಿ ಕಾಗದ ಎತ್ತಿಕೊಂಡಳು. ಧೂಳು ಕೊಡವಿ, ಮಡಿಸಿ, ರವಿಕೆಯೊಳಗಿಟ್ಟುಕೊಂಡು ಒಳಗೆ ಹೋದಳು.

"ನೀವೂ ಒಳಗೆ ಹೋಗಿ," ಎಂದ ಅವನು ತಗ್ಗಿದ ದನಿಯಲ್ಲಿ. "ಕೀಲಿ ನಾನೇ ಕಿತ್ಕೊಂಡೆ, ಗಾಡಿ ತೆಗೆಯೋಕೆ ನಾನೇ ಬಿಡ್ಲಿಲ್ಲ ಅಂತ ಹೇಳ್ತೀನಿ. ನಂದು ಹೇಗೂ ಹೋಯ್ತು. ನಿಮ್ಮ ಕೆಲಸನಾದ್ರೂ ಉಳೀಲಿ."

"ಮತ್ತೆ ಸುಳ್ಳು! ಅವತ್ತು ಗೊತ್ತಿಲ್ದೆ ಬರೆದ್ರಿ. ಇವತ್ತು ಗೊತ್ತಿದ್ದೂ ಹೇಳ್ತೀರಾ?"

"ಇದು ನಿಮಗೋಸ್ಕರ..."

"ನನಗೋಸ್ಕರ ಅಂತ ಯಾರು ಕೇಳಿದ್ರು?" ಕೋಪ ಇನ್ನೂ ಕುದಿಯುತ್ತಲೇ ಇತ್ತು, ಆದರೆ ಕಣ್ಣು ಅವಳ ಮಾತು ಕೇಳಲಿಲ್ಲ, ತುಂಬಿಕೊಂಡಿತು. "ಯಾಕೆ? ಯಾಕೆ ನನಗೋಸ್ಕರ?"

ಅವನು ವ್ಯಾನಿನ ಮೆಟ್ಟಿಲ ಮೇಲೆ ಕೂತು, ಗ್ರೀಸಿನ ಕೈಗಳನ್ನು ಬಟ್ಟೆಗೆ ಒರೆಸಿಕೊಂಡೇ ಒರೆಸಿಕೊಂಡ.

"ಮಂಗಳವಾರ ನೀವು ಬೈದು ಹೋದ್ಮೇಲೆ, ಶೆಡ್ಡಲ್ಲಿ ಬೇರೆ ಯಾವ ಸದ್ದೂ ನನಗೆ ಕೇಳಿಸ್ಲಿಲ್ಲ. ಬುಧವಾರ ಏಳೋವಾಗ, ಇವತ್ತೂ ಬೈತಾರೆ ಅಂತ ಖುಷಿಯಾಯ್ತು. ಇವತ್ತು ಬಿರುಕು ಸಿಕ್ಕಾಗ... ನಾಳೆ ಬರೋಕೆ ನೆಪ ಇಲ್ವಲ್ಲ ಅನ್ನಿಸ್ತು. ಇದಕ್ಕೇನಂತಾರೋ ನಂಗೊತ್ತಿಲ್ಲ."

"ನಂಗೊತ್ತು." ಅವಳು ಮೂಗು ಒರೆಸಿಕೊಂಡಳು. "ದಡ್ಡತನ ಅಂತಾರೆ. ನನಗೂ ಅದೇ ಆಗಿದೆ."

ಅವನು ನಕ್ಕುಬಿಟ್ಟ. ಮರುಕ್ಷಣವೇ ತಿರುವಿನ ಕಡೆ ನೋಡಿ ಗಾಬರಿಯಾದ. "ಬರ್ತಿದ್ದಾನೆ. ನನ್ನ ಮಾತು ಕೇಳು, ಒಳಗೆ ಹೋಗು."

'ಕೇಳು' ಅಂದ! 'ಹೋಗು' ಅಂದ! ಅವನಿಗೆ ಅದರ ಅರಿವೇ ಇರಲಿಲ್ಲ. ಅವಳಿಗೆ ಇತ್ತು. ವ್ಯಾನಿನ ಮೆಟ್ಟಿಲ ಮೇಲೆ, ಅವನಿಗೆ ಒತ್ತಿಕೊಂಡ ಹಾಗೆ ಗಟ್ಟಿಯಾಗಿ ಕೂತಳು.

"ಗಾಡಿ ತೆಗೀತೀಯೋ ಇಲ್ವೋ?" ದೂರದಿಂದಲೇ ಮ್ಯಾನೇಜರು ಕೂಗಿದ.

"ಹೋಗು ಅಂದೆ..." ಎಂದ ಅವನು, ಬೇಡಿಕೊಳ್ಳುವ ಹಾಗೆ.

ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಬೀದಿಗೆಲ್ಲ ಕೇಳುವಂತೆ, ಇಬ್ಬರಿಗೂ ಸೇರಿಸಿ ಹೇಳಿದಳು:

"ಆಗಲ್ಲ."