ಹಿಂದಿನ ಬಲಗಾಲಿ ನೆಲ ಬಿಟ್ಟದ್ದು

ಭಾನುವಾರ ಮಧ್ಯಾಹ್ನ ನಿರೀಕ್ಷಾ ನಮ್ಮ ಬಾಗಿಲು ತಟ್ಟಲಿಲ್ಲ, ದೂಡಿಕೊಂಡೇ ಒಳಗೆ ಬಂದಳು. ಹಣೆಯ ಗಾಯಕ್ಕೆ ಹತ್ತಿ ಅಂಟಿಸಿತ್ತು, ಮೊಣಕೈವರೆಗೆ ಕೆಂಪು ಮಣ್ಣು.

"ಗದಿಗೆಮ್ಮಕ್ಕಾ, ನನ್ನ ಜೀಪು ಮಗಚಿತು. ಎಲ್ಲಾರೂ ನನ್ನ ತಪ್ಪು ಅನ್ನಾಕತ್ತಾರ. ನನ್ನ ತಪ್ಪಲ್ಲ."

"ಮದಲ ನೀರು ಕುಡಿ. ಆಮ್ಯಾಲೆ ಸಿಟ್ಟಾಗು."

ಗದಿಗೆಮ್ಮಕ್ಕ ಮೂವತ್ತು ವರ್ಷ ಸೈನ್ಯದ ವಾಹನಗಳ ಬಿಡಿಭಾಗ ತಪಾಸಣೆ ಮಾಡಿ ನಿವೃತ್ತರಾದವರು. ಹೈದರಾಬಾದಿನ ನಮ್ಮ ಕನ್ನಡದ ಮನೆಗಳಲ್ಲಿ ಒಡವೆ ಕಾಣೆಯಾದರೂ, ಗಂಡಿನ ಕಡೆಯವರು ಸುಳ್ಳು ಹೇಳಿದರೂ ಮೊದಲ ಸುದ್ದಿ ಅವರಿಗೇ. ನಾನು ಶೀತಲ, ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವಳು. ಅಜ್ಜಿಯ ಕತೆ ಕೇಳಿ ಬೆಳೆದ ನನಗೆ ಪ್ರತಿ ಕಳ್ಳನ ಹಿಂದೆಯೂ ಒಬ್ಬ ರಾಕ್ಷಸ ಕಾಣುತ್ತಿದ್ದ. ಅಕ್ಕನಿಗೆ ಕಾಣುತ್ತಿದ್ದುದು ಬೋಲ್ಟು.

ನಿರೀಕ್ಷಾ ನಿಂತೇ ಹೇಳಿದಳು. ಜೀಡಿಮೆಟ್ಲಾದಲ್ಲಿ ಅವಳ ಅಪ್ಪ ನಡೆಸುತ್ತಿದ್ದ ಗ್ಯಾರೇಜಿನ ಶೆಡ್ಡು ಈಗ ಕಾಕಾ ಹನುಮಂತರಾಯರ ಹೆಸರಲ್ಲಿತ್ತು. ಅವರಿಗೆ ಅದು ತಮ್ಮ ಲಾರಿಗಳ ಗೋದಾಮಾಗಬೇಕಿತ್ತು. ಕೊನೆಗೆ ಮನೆಯಲ್ಲಿ ಒಂದು ಮಾತಾಯಿತು: ಅಪ್ಪನ ಹಳೇ ಜೀಪನ್ನು ಅವಳು ಕಲ್ಲುಗುಡ್ಡ ಹತ್ತುವ ಗಾಡಿಯಾಗಿ ಮಾಡಿ, ಶಂಶಾಬಾದಿನಾಚೆ ಜೀಪು ಕ್ಲಬ್ಬಿನವರು ನಡೆಸುವ ಪರೀಕ್ಷೆಯಲ್ಲಿ ಬಂಡೆಯ ತುದಿ ಮುಟ್ಟಿ ಗೆದ್ದರೆ ಶೆಡ್ಡು ಅವಳದು. ಸೋತರೆ ಸೋಮವಾರ ಕಾಕಾನದು.

"ಬೆಳಿಗ್ಗೆ ಅರ್ಧ ಬಂಡೆ ಹತ್ತೀನಿ. ಹಿಂದಿನ ಬಲಗಾಲಿ ಗಾಳ್ಯಾಗ ಎದ್ದು ನಿಂತು ಗಾಡಿ ಎಡಕ್ಕ ಮಗಚಿತು. ಕ್ಲಬ್ಬಿನ ಆ ವಿನಾಯಕ 'ನಾಯಿ ಕಾಲೆತ್ತಿದಂಗ' ಅಂತ ನಕ್ಕ. ನಾನು ಪಾಟಾ ಭಾಳ ಮೆತ್ತಗ ಮಾಡೀನಂತ, ಅದಕ್ಕ ಬಿತ್ತಂತ."

ಪಾಟಾ ಎಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟು. ಹಿಂದಿನ ಎರಡೂ ಕಟ್ಟುಗಳಿಂದ ಅವಳು ಎರಡೆರಡು ಪಟ್ಟಿ ತೆಗೆದಿದ್ದಳು. ಏಳಿದ್ದದ್ದು ಐದಾಗಿತ್ತು.

"ಮೆತ್ತಗಿದ್ರ ಗಾಲಿ ತಗ್ಗಿನ್ಯಾಗ ಇಳೀತೈತಿ, ನೆಲ ಬಿಡಂಗಿಲ್ಲ," ಎಂದರು ಅಕ್ಕ. "ಗಡಸಿದ್ರ ಎದ್ದು ನಿಂದರತೈತಿ. ಹೌದಲ್ಲೊ?"

"ಅದನ್ನ ಹೇಳಿದ್ರ ಯಾರೂ ಕೇಳವಲ್ರು! ಬೆಳಿಗ್ಗೆ ಓಡಸುವಾಗ ಗಡಸ ಅನಸಿತ್ತು. ಹೈವೇಕ ಅಂತ ಟಾಯರಿಗೆ ಗಾಳಿ ಜಾಸ್ತಿ ತುಂಬೀನಿ, ಅದಕ್ಕ ಅನ್ಕೊಂಡೆ. ಬಂಡೆ ಮುಂದ ಗಾಳಿ ಇಳಿಸಿದೆ, ಆದ್ರೂ ಹಂಗ ಇತ್ತು. ನೋಡೂನಂದ್ರ ಗಾಡಿ ಶೆಡ್ಡಿಗೆ ಎಳಕೊಂಡು ಹೋಗಿ ಕಾಕಾ ಬೀಗ ಹಾಕ್ಯಾರ. ನಾಳೆ ಕೀಲಿ ಅವರದಂತ."

"ನಾಳೆ ಅಲ್ಲ, ಇನ್ನೂ ಇವತ್ತೈತಿ," ಎಂದು ಅಕ್ಕ ಚಪ್ಪಲಿ ಮೆಟ್ಟಿದರು.

ಶೆಡ್ಡಿನ ಪಕ್ಕದಲ್ಲೇ ಸಂಗಣ್ಣನ ಟಾಯರ್ ಅಂಗಡಿ. ಸೊಂಟದ ಆಪರೇಷನ್ ಆದಮೇಲೆ ಅವನು ಎತ್ತರದ ಸ್ಟೂಲಿನ ಮೇಲೆ ಕೂತೇ ಪಂಕ್ಚರ್ ಹಾಕುತ್ತಿದ್ದ, ಬಗ್ಗುವ ಕೆಲಸವಿದ್ದರೆ ಗಿರಾಕಿಯ ಕೈಗೇ ಬೋಲ್ಟು ತಿರುಗಿಸುವ ಪಾನಾ ಕೊಡುತ್ತಿದ್ದ.

"ನಾ ಮದಲ ಹೇಳಿದ್ದೆ ಅಕ್ಕಾರ, ಅಗಲ ಟಾಯರ್ ಹಾಕು ಅಂತ. ಈಕಿ ತಳ್ಳಂದು, ಎತ್ತರಂದು ಹಾಕಿದ್ಲು. ನನ್ನ ಮಾತು ಯಾರು ಕೇಳತಾರ!"

"ಕೆಸರಾಗ ತಳಕ್ಕ ಇಳದು ಹಿಡೀತೈತಿ ಸಂಗಣ್ಣ ಕಾಕಾ. ಅಗಲಂದು ಮ್ಯಾಲೆ ತೇಲತೈತಿ," ಎಂದಳು ನಿರೀಕ್ಷಾ. ಅದು ಅವರ ತಿಂಗಳುಗಟ್ಟಲೆಯ ಜಗಳ.

"ಶನಿವಾರ ಕೀಲಿ ಯಾರ ಹತ್ರ ಇತ್ತು?" ಅಕ್ಕ ಕೇಳಿದರು.

"ನನ್ನ ಹತ್ರ. ಈಕಿ ಮಾದಾಪುರಕ್ಕ ಹೋಗಿದ್ಲು. ವಿನಾಯಕ ಬಂದು ಜಾಕ್ ಬೇಕಂತ ಕೀಲಿ ಒಯ್ದ. ಆಮ್ಯಾಲೆ ಹನುಮಂತರಾಯರು ಬಂದ್ರು, ಜಾಗ ಅಳೀಬೇಕಂತ ಅವರೂ ಕೀಲಿ ಒಯ್ದ್ರು. ಯಾರೆಷ್ಟೊತ್ತು ಇದ್ರೋ ನಂಗೇನ್ ಗೊತ್ತು, ಗಿರಾಕಿ ಭಾಳ ಇದ್ರು."

ಅಕ್ಕ ಫೋನು ಮಾಡಿ ಹನುಮಂತರಾಯರನ್ನೂ ವಿನಾಯಕನನ್ನೂ ಕರೆಸಿದರು. ವಿನಾಯಕ ಜೀಪು ಓಡಿಸುವವರ ಕ್ಲಬ್ಬಿನ ಕಾರ್ಯದರ್ಶಿ. ತನ್ನ ಗಾಡಿಯಲ್ಲೇ ಬಂದ, ಬಂದವನೇ ಗೊಣಗಿದ. ಅವನು ಚಹಾ ಕುಡಿಯುವಷ್ಟರಲ್ಲಿ ಅಕ್ಕ ಸೆರಗು ಸಿಕ್ಕಿಸಿ ಅವನ ಗಾಡಿಯ ಅಡಿ ಬಗ್ಗಿ ನೋಡಿದರು. ನನ್ನ ಮನಸ್ಸು ಆಗಲೇ ವಿನಾಯಕನಿಗೆ ಕೋರೆಹಲ್ಲು ಬರೆದುಬಿಟ್ಟಿತ್ತು.

ಬಿಳಿ ಅಂಗಿಯ ಹನುಮಂತರಾಯರು ಬೀಗ ತೆಗೆದರು. "ನೋಡಿ ಏನ್ ಮಾಡ್ತೀರಿ ಬಾಯಾರ? ಹುಡುಗಿ ಹಟ, ಅಷ್ಟ."

ಜೀಪಿನ ಎಡಬಾಗಿಲು ಒಳಗೆ ಹೋಗಿತ್ತು, ಕನ್ನಡಿ ಮುರಿದಿತ್ತು. ಅಕ್ಕ ಬಾಗಿಲ ಕಡೆ ನೋಡಲೇ ಇಲ್ಲ. ಗೋಣಿಚೀಲ ಹಾಸಿ ಹಿಂದಿನ ಗಾಲಿಗಳ ನಡುವೆ ಮಲಗಿದರು. ಬೆರಳಿಟ್ಟು ಪಟ್ಟಿ ಎಣಿಸಿದರು. ಎರಡೂ ಕಡೆ ಏಳು.

ನಿರೀಕ್ಷಾ ಮೂಲೆಗೆ ಓಡಿದಳು. ತೆಗೆದಿಟ್ಟ ನಾಲ್ಕು ಪಟ್ಟಿಗಳ ಜಾಗದಲ್ಲಿ ಧೂಳಿಲ್ಲದ ಉದ್ದನೆಯ ಗುರುತು ಮಾತ್ರ ಉಳಿದಿತ್ತು.

"ನಾ ಅಲ್ಲಪಾ!" ವಿನಾಯಕ ಎರಡೂ ಕೈ ಎತ್ತಿದ. "ಜಾಕ್ ಒಯ್ದೆ, ಅಷ್ಟ. ನಗೋದು ಬ್ಯಾರೆ, ಇದು ಬ್ಯಾರೆ."

ಅಕ್ಕ ಪಾಟಾದ ತುದಿಯ ಬೋಲ್ಟಿನ ತೂತಿಗೆ ಬೆರಳು ತೂರಿಸಿ ಹೊರತೆಗೆದರು. ಒಳಗೆ ಬೋಲ್ಟಿನ ಸುತ್ತ ಕೂರುವ ರಬ್ಬರ್ ಬುಷ್ ಹಗ್ಗದಂತೆ ತಿರುಚಿ, ಅಂಚಿನಲ್ಲಿ ಹರಿದಿತ್ತು. ಬೆರಳ ತುದಿ ಕಪ್ಪಾಗಿತ್ತು. ಮೂಸಿ ನೋಡಿ ಚಿಂದಿಗೆ ಒರೆಸಿಕೊಂಡರು.

"ರಾಯರ, ನೀವೂ ಗಾಡಿ ಕೆಲಸ ಬಲ್ಲವರ ಅಲ್ಲೇನ್ರಿ?"

ಹನುಮಂತರಾಯರ ಮುಖ ಅರಳಿತು. "ಏನ್ ಕೇಳ್ತೀರಿ! ರಾಯಚೂರಿನ್ಯಾಗ ಹದಿನೆಂಟು ವರ್ಷ ಲಾರಿ ಅಡಿ ಮಲಗಿ ಬಂದಾವ ನಾನು. ಈಗಿನವ್ರಿಗೆ ಏನ್ ಗೊತ್ತೈತಿ? ಗ್ರೀಸ್ ಕಾಣದ ಪಾಟಾ, ಮೇವು ಕಾಣದ ಎತ್ತು, ಎರಡೂ ಒಂದ."

"ಖರೆ ಮಾತು. ಲಾರಿಗೆ ಖರೆ." ಅಕ್ಕ ಸಂಗಣ್ಣನ ಸ್ಟೂಲು ತರಿಸಿ ಕೂತರು. ನಾವು ಐವರೂ ಸುತ್ತ ನಿಂತೆವು.

"ಈ ಕೆಲಸ ಮಾಡಿದಾವ ಗಾಡಿ ಅಡಿ ತಾಸುಗಟ್ಟಲೆ ಮಲಗ್ಯಾನ. ಸಂಗಣ್ಣಗ ಬಗ್ಗಾಕ ಬರಂಗಿಲ್ಲ, ಅವನ್ನ ಬಿಡ್ರಿ. ಉಳದಾವ್ರು ಇಬ್ರು. ಲಾರಿ ಪಾಟಾದಾಗ ಹಿತ್ತಾಳಿ ಬುಷ್ ಇರತಾವು, ಗ್ರೀಸ್ ಬೇಕು. ಜಾಕ್ ಮ್ಯಾಲೆ ಇದ್ದಾಗ ಬಿಗದ್ರೂ ನಡೀತೈತಿ, ಬೋಲ್ಟು ಒಳಗ ತಿರಗತೈತಿ. ಈ ಜೀಪಿಂದು ರಬ್ಬರು. ಗ್ರೀಸ್ ತಾಗಿದ್ರ ಉಬ್ಬಿ ಹಾಳಾಗತೈತಿ. ಗಾಲಿ ನೇತಾಡುವಾಗ ಬಿಗದ್ರ, ಇಳಿಸಿದ ಕೂಡಲೆ ತಿರುಚಿಕೊಂಡು ಕೂಡತೈತಿ. ಅದಕ್ಕ ನಿರೀಕ್ಷಾ ಏನ್ ಮಾಡ್ತಾಳ?"

"ನೆಲಕ್ಕ ಇಳಿಸಿ, ಪೂರಾ ಭಾರ ಬಿದ್ದಮ್ಯಾಲೆ ಬಿಗೀತೀನಿ," ಎಂದಳು ನಿರೀಕ್ಷಾ. "ಗ್ರೀಸ್ ಮುಟ್ಟಂಗಿಲ್ಲ."

"ವಿನಾಯಕನೂ ಹಂಗ ಮಾಡ್ತಾನ. ಅವನ ಗಾಡಿ ನೋಡಿದೆ, ಬುಷ್ ಒಣಗಿದ್ದಾವು, ನೆಟ್ಟಗದಾವು. ಬಾಯಿ ಹೊಲಸು, ಕೈ ಸ್ವಚ್ಛ. ಇಲ್ಲಿ ಗ್ರೀಸ್ ಸವರಿ, ಜಾಕ್ ಮ್ಯಾಲೆ ಬಿಗದಾವ್ರು ಲಾರಿ ಕೆಲಸ ಕಲತಾವ್ರು. ಹೌದಲ್ರಿ, ರಾಯರ?"

ಹನುಮಂತರಾಯರು ಜೀಪಿನ ಬಾಗಿಲಿಗೆ ಕೈ ಇಟ್ಟರು.

"ಕೆಡಸಾಕ ಹಾಕಿಲ್ಲ," ಎಂದರು. "ಐದು ಪಾಟಾದ ಮ್ಯಾಲೆ ಬಂಡೆ ಹತ್ತತಾಳಂದ್ರ ಎದಿ ನಡುಗಿತು. ಗಟ್ಟಿ ಇರ್ಲಿ, ಜೀವ ಉಳೀಲಿ ಅಂತ ಹಾಕಿದೆ. ಅಣ್ಣನ ಮಗಳಲ್ಲೇನು?"

ನಾನು ಕರಗಿಬಿಟ್ಟೆ. ಅಕ್ಕ ಕರಗಲಿಲ್ಲ.

"ಹಾಕಿದ್ದು ಪ್ರೀತಿ ಅಂತ ಒಪ್ಪೂನ್ರಿ. ಗಾಡಿ ಮಗಚಿ, ಹುಡುಗಿ ಹಣಿ ಒಡದು, ನಾಲ್ಕು ಮಂದಿ ನಕ್ಕಾಗ ಬಾಯಿ ಯಾಕ ತಗೀಲಿಲ್ಲ? ಬೀಗ ಯಾಕ ಹಾಕಿದ್ರಿ? ಆವಾಗ ಕಣ್ಣಮುಂದ ಬಂದಿದ್ದು ಅಣ್ಣನ ಮಗಳೋ, ಗೋದಾಮೋ?"

ಹನುಮಂತರಾಯರು ಜೇಬಿನಿಂದ ಕೀಲಿ ತೆಗೆದು ನಿರೀಕ್ಷಾಳ ಮುಂದೆ ಹಿಡಿದರು. "ತಗೊಳವ್ವ. ಶೆಡ್ಡು ನಿಂದ. ಮತ್ತ ಆ ಬಂಡೆ ಸುದ್ದಿಗೆ ಹೋಗಬ್ಯಾಡ."

"ಬ್ಯಾಡ ಕಾಕಾ."

"ಯಾಕ?"

"ತಪ್ಪಿಗೆ ಕೊಟ್ಟ ಕೀಲಿ ನನಗ ಬ್ಯಾಡ. ಮಾತು ಏನಾಗಿತ್ತು? ಗೆದ್ರ ನಂದು. ಗೆದ್ದ ತಗೋತೀನಿ."

"ಮುಂದಿನ ತಿಂಗಳು ಇನ್ನೊಂದು ಅವಕಾಶ ಕೊಡೂನು," ಎಂದು ವಿನಾಯಕ ಮೆಲ್ಲಗೆ ಹೇಳಿದ.

"ನಾಳೆ ಬೆಳಿಗ್ಗೆ. ನಕ್ಕವರನ್ನೆಲ್ಲಾ ಕರಕೊಂಡು ಬಾ."

ಅಂದು ಸಂಜೆಯೇ ನಾಲ್ಕು ಪಟ್ಟಿಗಳು ಹೊರಬಂದವು, ಹೊಸ ಬುಷ್ ಕೂತವು. ಗಾಡಿಯನ್ನು ನೆಲಕ್ಕಿಳಿಸಿ, ನನ್ನನ್ನೂ ಅಕ್ಕನನ್ನೂ ಹಿಂದಿನ ಸೀಟಿನಲ್ಲಿ ಭಾರಕ್ಕೆಂದು ಕೂರಿಸಿ ಅವಳು ಬೋಲ್ಟು ಬಿಗಿದಳು. ಸಂಗಣ್ಣ ಬೇಡವೆಂದರೂ ಕೇಳದೆ ಟಾಯರಿನ ವಾಲ್ವುಗಳನ್ನು ತಾನೇ ಪರೀಕ್ಷಿಸಿದ. "ತಳ್ಳಗಿದ್ರೂ ಟಾಯರ್ ಟಾಯರ!" ಎಂದ.

ಸೋಮವಾರ ಬೆಳಿಗ್ಗೆ ಬಂಡೆಯ ಕೆಳಗೆ ಇಪ್ಪತ್ತು ಜನ ಸೇರಿದ್ದರು. ನಿರೀಕ್ಷಾ ನಾಲ್ಕೂ ಟಾಯರಿನ ಗಾಳಿ ಇಳಿಸಿ, ಯಾರ ಮುಖವನ್ನೂ ನೋಡದೆ ಗೇರು ಹಾಕಿದಳು. ಅದೇ ತಗ್ಗು ಬಂತು. ಹಿಂದಿನ ಬಲಗಾಲಿ ಕೆಳಗಿಳಿಯಿತು, ಇನ್ನೂ ಇಳಿಯಿತು, ಕಲ್ಲಿನ ಮೇಲೆ ಉಬ್ಬಿ ಕಚ್ಚಿಕೊಂಡಿತು. ಜೀಪು ವಾಲಿತು, ಮಗಚಲಿಲ್ಲ. ಹನುಮಂತರಾಯರು ತುಟಿ ಕಚ್ಚಿ ಎರಡು ಹೆಜ್ಜೆ ಮುಂದೆ ಹೋಗಿ ನಿಂತುಬಿಟ್ಟರು.

ತುದಿಯಲ್ಲಿ ಅವಳು ಎಂಜಿನ್ ಬಂದ್ ಮಾಡಿದಳು. ಚಪ್ಪಾಳೆ ಮುಗಿಯುವ ತನಕ ಅಲ್ಲೇ ಕೂತಿದ್ದು, ನಡೆದೇ ಕೆಳಗಿಳಿದು ಬಂದು ಕಾಕಾನ ಮುಂದೆ ಅಂಗೈ ಚಾಚಿದಳು.

ಅವರು ಕೀಲಿ ಇಟ್ಟರು. ನಿರೀಕ್ಷಾ ಮುಷ್ಟಿ ಮುಚ್ಚಿದಳು, ಉಪಕಾರವಾಯಿತು ಅನ್ನಲಿಲ್ಲ.